ಗಣಿಕೆ ಸೊಪ್ಪಿನ ಹೆಸರು ಗಣಿಕೆ ಸೊಪ್ಪಿನ ಕೆಳಗೇ

ಯಾವ ಕಾಗದ ಕೈಗೆ ಬಂದರೂ ಹಾಲಮ್ಮ ಮೊದಲು ಚಿತ್ರ ನೋಡುತ್ತಾಳೆ, ಆಮೇಲೆ ಅಕ್ಷರ. ಅಕ್ಷರ ಅವಳಿಗೆ ಬೇಗ ಕೂಡಿ ಬರುವುದಿಲ್ಲ. ಮೂವತ್ತು ವರ್ಷದ ಹಿಂದೆ ಭದ್ರಾವತಿಯ ಹೊಸಮನೆಯಲ್ಲಿ ವಯಸ್ಕರ ಶಿಕ್ಷಣದ ತರಗತಿ ನಡೆಯುತ್ತಿದ್ದಾಗ ಸಂಜೆ ಹೋಗಿ ಕಾಗುಣಿತದ ತನಕ ಕಲಿತಿದ್ದಳು. ಒತ್ತಕ್ಷರ ಅರ್ಧಕ್ಕೆ ಬಂದಾಗ ಮೇಷ್ಟ್ರಿಗೆ ವರ್ಗವಾಗಿ ತರಗತಿಯೇ ನಿಂತುಹೋಯಿತು. ಹಾಗಾಗಿ ಇವತ್ತಿಗೂ ಹೆಬ್ಬೆರಳಿನ ಉಗುರನ್ನು ಅಕ್ಷರದ ಕೆಳಗಿಟ್ಟು, ಒಂದೊಂದನ್ನೇ ಬಾಯಲ್ಲಿ ಹೇಳಿಕೊಂಡು, ಪದ ಮುಗಿದ ಮೇಲೆ ಮತ್ತೆ ಹಿಂದಕ್ಕೆ ಹೋಗಿ ಕೂಡಿಸಿಕೊಳ್ಳುತ್ತಾಳೆ. ಒಂದು ಪುಟಕ್ಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆಯನ್ನು ಕೊಡುವುದಕ್ಕೆ ಅವಳಿಗೆ ಬೇಸರವಿಲ್ಲ.

ಆ ಗುರುವಾರ ಬೆಳಿಗ್ಗೆ ಭದ್ರಾವತಿಯ ಮಾರ್ಕೆಟ್ಟಿನಲ್ಲಿ, ಸೊಪ್ಪಿನ ಬುಟ್ಟಿಯ ಹಿಂದೆ ಕೂತು ಅವಳು ಓದುತ್ತಿದ್ದದ್ದು ತಾನೇ ಹೇಳಿ ಬರೆಸಿದ ಪುಸ್ತಕ. ಇನ್ನೂ ಪುಸ್ತಕವಾಗಿರಲಿಲ್ಲ, ಒಂದು ಮೂಲೆಗೆ ಪಿನ್ನು ಹೊಡೆದ ಹಾಳೆಗಳ ಕಟ್ಟು. ಶಿವಮೊಗ್ಗದ ಗೋಪಾಳದಲ್ಲಿರುವ ಶಾಮಲಾ ಮೇಡಂ ಅದನ್ನು ತಂದಿದ್ದರು. ಮೇಡಂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಈಗ ಒಂದು ಮಹಿಳಾ ಬಳಗ ನಡೆಸುತ್ತಾರೆ. ಬಳಗದವರು ಬೇಲಿಯಂಚಿನಲ್ಲಿ, ಗದ್ದೆಯ ಬದುವಿನಲ್ಲಿ ತಾವಾಗಿ ಬೆಳೆಯುವ ಸೊಪ್ಪುಗಳ ಬಗ್ಗೆ ಪುಸ್ತಕ ಮಾಡಬೇಕೆಂದು ಹೊರಟಾಗ, ಸೊಪ್ಪು ಗೊತ್ತಿದ್ದವರು ಯಾರೆಂದು ಹುಡುಕಿದರೆ ಎಲ್ಲರೂ ತೋರಿಸಿದ್ದು ಹಾಲಮ್ಮನನ್ನೇ. ಮೂರು ತಿಂಗಳು ಮೇಡಂ ವಾರಕ್ಕೊಮ್ಮೆ ಬಂದು ಅವಳು ಹೇಳಿದ್ದನ್ನು ಬರೆದುಕೊಂಡರು. ನವುಲೆಯ ಕೃಷಿ ಕಾಲೇಜಿನಲ್ಲಿ ಓದುವ ಶರಣ್ಯಾ ಜೊತೆಗೆ ಬಂದು, ಹಾಲಮ್ಮನ ಮೊರದ ಮೇಲೆ ಒಂದೊಂದೇ ಗಿಡ ಇಟ್ಟು ಫೋಟೋ ತೆಗೆದಳು. ಒಟ್ಟು ನಲವತ್ತೆರಡು ಗಿಡ. ತಿನ್ನುವವು ಮೂವತ್ತನಾಲ್ಕು, ಅವುಗಳ ಹಾಗೆಯೇ ಕಂಡು ಮೋಸ ಮಾಡುವಂಥವು ಎಂಟು.

ಹದಿನೇಳನೆಯ ಪುಟಕ್ಕೆ ಬಂದಾಗ ಹಾಲಮ್ಮನ ಉಗುರು ನಿಂತಿತು.

"ಮೇಡಂ, ಇದು ಉಮ್ಮತ್ತಿ."

"ಹೌದು. ತಿನ್ನಬಾರದ್ದು ಅಂತ ಹಾಕಿದೀವಲ್ಲ."

"ಅದ್ರ ಕೆಳಗೆ ಏನು ಬರೆದಿದೆ, ನೀವೇ ಓದಿ."

ಶಾಮಲಾ ಮೇಡಂ ಕನ್ನಡಕ ಸರಿಮಾಡಿಕೊಂಡು ಪಾಠ ಓದುವ ದನಿಯಲ್ಲೇ ಓದತೊಡಗಿದರು. "ಗಣಿಕೆ ಸೊಪ್ಪು. ಎಳೆ ಕುಡಿಗಳನ್ನು ಚಿವುಟಿ ಸಾರಿಗೆ, ಪಲ್ಯಕ್ಕೆ ಬಳಸಬಹುದು. ಮಕ್ಕಳಿಗೂ..." ಅಲ್ಲಿಗೆ ದನಿ ತಗ್ಗಿತು. ಚಿತ್ರ ನೋಡಿದರು, ಬರಹ ನೋಡಿದರು, ಮತ್ತೆ ಚಿತ್ರ ನೋಡಿದರು.

"ನಾನು ಎರಡು ಸಲ ಓದಿದೀನಿ ಹಾಲಮ್ಮ. ಒಂದು ಅಕ್ಷರ ತಪ್ಪಿರಲಿಲ್ಲ."

"ಈಗ್ಲೂ ತಪ್ಪಿಲ್ಲ. ಕೂತಿರೋ ಜಾಗ ತಪ್ಪು."

ಮುಂದಿನ ಪುಟ ತಿರುಗಿಸಿದರೆ ಅಲ್ಲಿಯೂ ಹಾಗೆಯೇ. ಉಮ್ಮತ್ತಿಯ ಹೆಸರು ಕನ್ನೆ ಸೊಪ್ಪಿನ ಕೆಳಗೆ, ಕನ್ನೆ ಸೊಪ್ಪಿನ ಹೆಸರು ಅದರ ಮುಂದಿನದರ ಕೆಳಗೆ. ಹದಿನೇಳರಿಂದ ಕೊನೆಯ ತನಕ ಪ್ರತಿ ಗಿಡವೂ ತನ್ನ ಹಿಂದಿನ ಮನೆಯವರ ಹೆಸರು ಹೊತ್ತು ನಿಂತಿತ್ತು. ಹೋದ ವಾರ ಬಂದ ಮೊದಲ ಪ್ರತಿಯಲ್ಲಿ ಎಲ್ಲ ಸರಿಯಾಗಿದ್ದದ್ದನ್ನು ಹಾಲಮ್ಮನೇ ನೋಡಿದ್ದಳು. ಆಮೇಲೆ ಆದದ್ದೇನೆಂದರೆ, ಚಗಟೆ ಸೊಪ್ಪಿನ ತಂಬುಳಿ ಬಿಟ್ಟುಹೋಗಿದೆಯೆಂದು ಮೇಡಂ ಹದಿನಾರನೆಯ ಪುಟಕ್ಕೆ ಅರ್ಧ ಪುಟ ಸೇರಿಸಿದ್ದರು. ಎರಡನೆಯ ಪ್ರತಿ ಬಂದಾಗ ಆ ತಂಬುಳಿಯನ್ನು ಮಾತ್ರ ಓದಿ, ಒತ್ತು ದೀರ್ಘ ನೋಡಿ, ಸರಿಯಿದೆ ಎಂದಿದ್ದರು.

"ಭಾನುವಾರ ಬಿಡುಗಡೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು," ಎಂದರು ಮೇಡಂ. "ಒಂದು ತಿದ್ದುಪಡಿ ಚೀಟಿ ಮಾಡಿಸಿ ಒಳಗಿಡೋಣವಾ?"

"ಚೀಟಿ ಉದುರುತ್ತೆ. ಪುಸ್ತಕ ಉಳಿಯುತ್ತೆ."

"ಹಾಗಾದ್ರೆ ಲಕ್ಷ್ಮೀಕಾಂತನಿಗೆ ಫೋನ್ ಮಾಡ್ತೀನಿ, ಸರಿ ಮಾಡ್ತಾನೆ. ಅವನೇ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಜೋಡಿಸಿದ್ದು."

"ಫೋನ್ ಮಾಡಿ. ನಾನೂ ಹೋಗ್ತೀನಿ. ಮೇಡಂ, ಇನ್ನೊಂದು. ಮೊದಲ್ನೇ ಪುಟದಲ್ಲಿ ನನ್ನ ಹೆಸ್ರು ಹಾಕಿಸಿದೀರಲ್ಲ, ಅದನ್ನ ತೆಗೆಸಿಬಿಡಿ. ಇದು ಸರಿಹೋದ್ರೆ ನಾನೇ ಹಾಕಿ ಅಂತೀನಿ. ಹೋಗದಿದ್ರೆ ಬೇಡ."

'ಸೊಪ್ಪುಗಳ ವಿವರ ಹೇಳಿದವರು: ಹಾಲಮ್ಮ, ಹೊಸಮನೆ, ಭದ್ರಾವತಿ' ಎಂದಿತ್ತು ಆ ಸಾಲು. ಮೊದಲ ಪ್ರತಿ ಬಂದ ದಿನ ಅದನ್ನು ಅವಳು ನಾಲ್ಕು ಸಲ ಓದಿಕೊಂಡಿದ್ದಳು. ತನ್ನ ಹೆಸರು ಅಚ್ಚಾದದ್ದನ್ನು ಅದುವರೆಗೆ ಅವಳು ಕಂಡದ್ದು ರೇಷನ್ ಕಾರ್ಡಿನಲ್ಲಿ, ಮತ್ತೆ ಗಂಡ ರಾಮಯ್ಯ ತೀರಿಕೊಂಡಾಗ ಬಂದ ಕಾಗದಗಳಲ್ಲಿ.

ಮೇಡಂ ಕೈಗಡಿಯಾರ ನೋಡಿಕೊಂಡು ಹೊರಟರು. ಹಾಲಮ್ಮ ಉಳಿದ ಸೊಪ್ಪನ್ನು ಪಕ್ಕದವಳಿಗೆ ಒಪ್ಪಿಸಿ, ಗಣಿಕೆ ಸೊಪ್ಪಿನ ಒಂದು ಕಟ್ಟನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಅವಳ ಕಟ್ಟನ್ನು ಭದ್ರಾವತಿಯಲ್ಲಿ ಯಾರು ಬೇಕಾದರೂ ಗುರುತಿಸುತ್ತಾರೆ. ಬಾಳೆನಾರಿನಲ್ಲಿ ಎರಡು ಸುತ್ತು, ಕುಡಿಗಳ ನಡುವೆ ಕಾಯಿಗೊಂಚಲು ಇರುವ ಒಂದು ಕಡ್ಡಿ. ಕಾಯಿಕಡ್ಡಿಯಿಲ್ಲದ ಗಣಿಕೆಯನ್ನು ಅವಳು ಮಾರುವುದಿಲ್ಲ. ಇದು ಅತ್ತೆ ಹಾಕಿದ ಕಟ್ಟಳೆ. ಹಾಲಮ್ಮ ಮದುವೆಯಾಗಿ ಬಂದ ವರ್ಷ, ರಾಮಯ್ಯ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಅತ್ತೆಗೆ ಜ್ವರವೆಂದು ಹಾಲಮ್ಮ ಒಬ್ಬಳೇ ಸೊಪ್ಪು ಕೊಯ್ದು ತಂದಿದ್ದಳು. ಕಾರ್ಖಾನೆಯ ಲೈನ್ ಮನೆಯಲ್ಲಿದ್ದ ತಮಿಳು ಹೆಂಗಸೊಬ್ಬಳು ಅವಳಿಂದ ಗಣಿಕೆ ಕೊಂಡು ಮನೆಗೆ ಹೋಗಿ, ಸೋಸಲು ಕೂತವಳು ಎದ್ದು ಅದೇ ಕಟ್ಟನ್ನು ಹಿಡಿದುಕೊಂಡು ಬಂದಳು. "ನಮ್ಮ ಮಣತ್ತಕ್ಕಾಳಿ ನನಗೆ ಗೊತ್ತಿಲ್ವಾ ಅಮ್ಮಾ? ಇದ್ರಲ್ಲಿ ಒಂದು ಬೇರೆ ಇದೆ." ಗಣಿಕೆಗೆ ತಮಿಳಿನಲ್ಲಿ ಆ ಹೆಸರು. ಬೇರೆಯದು ಒಂದು ಎಳೆಯ ಉಮ್ಮತ್ತಿ. ಹೂವಿಲ್ಲ, ಮುಳ್ಳುಕಾಯಿ ಇಲ್ಲ. ಆ ವಯಸ್ಸಿನಲ್ಲಿ ಅದು ಗಣಿಕೆಯ ತಂಗಿಯ ಹಾಗೆಯೇ ಇರುತ್ತದೆ. ಅತ್ತೆ ಬೈಯಲಿಲ್ಲ. ಜ್ವರದಲ್ಲೇ ಎದ್ದು ಬಂದು ಇಡೀ ಬುಟ್ಟಿಯನ್ನು ಹೊಳೆಗೆ ಸುರಿಸಿದಳು. ಆಮೇಲೆ ಹೇಳಿದಳು, "ಇನ್ಮೇಲೆ ಕಾಯಿ ಬಿಟ್ಟ ಗಿಡದಲ್ಲೇ ಕುಡಿ ಚಿವುಟು. ಆ ಕಾಯಿಕಡ್ಡೀನೂ ಅದೇ ನಾರಲ್ಲಿ ಕಟ್ಟು. ಕೊಳ್ಳೋರ ಕಣ್ಣಿಗೂ ಕೆಲಸ ಇರಲಿ." ಅತ್ತೆ ಹೋಗಿ ಇಪ್ಪತ್ತೆರಡು ವರ್ಷ, ರಾಮಯ್ಯ ಹೋಗಿ ಹನ್ನೊಂದು. ಕಟ್ಟಳೆ ಹಾಗೆಯೇ ಇದೆ.

ಲಕ್ಷ್ಮೀಕಾಂತನ ಅಂಗಡಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ. ಐವತ್ತು ದಾಟಿದ ಆಳು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವವರ ಪ್ರಬಂಧಗಳನ್ನು ಟೈಪು ಮಾಡಿ ಮಾಡಿ ಅವನ ಬೆನ್ನು ಬಾಗಿ, ಮಾತು ಚುರುಕಾಗಿತ್ತು.

"ಬನ್ನಿ ಅಮ್ಮ. ಮೇಡಂ ಫೋನ್ ಮಾಡಿದ್ರು. ನೀವು ಬರೋದೇ ಬೇಕಿರಲಿಲ್ಲ, ಹತ್ತು ನಿಮಿಷದ ಕೆಲಸ."

"ಹತ್ತು ನಿಮಿಷ ತಾನೆ? ಕೂತಿರ್ತೀನಿ."

ಅವನು ಹದಿನೇಳನೆಯ ಪುಟ ತೆಗೆದು ಗಣಿಕೆಯ ಚಿತ್ರವನ್ನು ಮೌಸಿನಿಂದ ಹಿಡಿದೆಳೆದು ಅದರ ಹೆಸರಿನ ಮೇಲೆ ಇಟ್ಟ. ಉಮ್ಮತ್ತಿಯನ್ನೂ ಹಾಗೆಯೇ ಎಳೆದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಎಲ್ಲಿ ಜಾಗ ಸಾಲದೋ ಅಲ್ಲಿ ಎಂಟರ್ ಗುಂಡಿ ಒತ್ತಿ ಖಾಲಿ ಸಾಲು ಮಾಡಿದ. ಎಲ್ಲಿ ಹೆಚ್ಚಾಯಿತೋ ಅಲ್ಲಿ ಅಳಿಸಿದ. ಮೂವತ್ತನೆಯ ಪುಟ ಮುಗಿಸಿದವನು ಇಪ್ಪತ್ತರಲ್ಲಿ ಎರಡು ಖಾಲಿ ಸಾಲು ಉಳಿದದ್ದು ನೆನಪಾಗಿ ಹಿಂದೆ ಹೋಗಿ ತೆಗೆದ.

"ಆಯ್ತು. ನೋಡಿ ಬೇಕಾದ್ರೆ."

"ಇಪ್ಪತ್ತನಾಲ್ಕು ತೋರ್ಸಿ."

ಇಪ್ಪತ್ತನಾಲ್ಕರಲ್ಲಿ ಒಂದೆಲಗದ ಹೆಸರು ಒಂದೆಲಗದ ಹೊಟ್ಟೆಯ ಮೇಲೆ ಏರಿ ಕೂತಿತ್ತು. ಲಕ್ಷ್ಮೀಕಾಂತ ನಾಲಿಗೆ ಕಚ್ಚಿಕೊಂಡು ಮತ್ತೆ ಎಳೆದ. ಅದು ಸರಿಹೋದಾಗ ಇಪ್ಪತ್ತಾರು ಕೆಟ್ಟಿತು. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು.

"ಅಲ್ಲಮ್ಮ, ಶಂಕರಘಟ್ಟದ ಗೈಡುಗಳೇ ವಾಸಿ. ಅವ್ರು ಮುನ್ನುಡಿ ನೋಡಿ ಸಹಿ ಹಾಕ್ತಾರೆ."

"ಅವ್ರ ಪುಸ್ತಕ ನೋಡಿ ಯಾರೂ ಸಾರು ಮಾಡಲ್ಲವಲ್ಲ ಮಾರಾಯ."

ಅವನು ನಕ್ಕ. ಹಾಲಮ್ಮ ನಗಲಿಲ್ಲ. ಅವಳು ಇಷ್ಟು ಹೊತ್ತೂ ಪರದೆಯನ್ನೇ ನೋಡುತ್ತ ಕೂತು ಒಂದು ವಿಷಯ ಕಂಡುಕೊಂಡಿದ್ದಳು. ಎಂಟರ್ ಒತ್ತಿದಾಗಲೆಲ್ಲ ಹೆಸರು ಕೆಳಗಿಳಿಯುತ್ತದೆ, ಚಿತ್ರ ಇಳಿಯುವುದಿಲ್ಲ.

"ಈ ಚಿತ್ರ ಯಾವುದಕ್ಕೆ ಕಟ್ಟಿದೆ?" ಎಂದು ಕೇಳಿದಳು.

ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. ಚಿತ್ರದ ಮೇಲೆ ಒತ್ತಿದ. ಪಕ್ಕದ ಅಂಚಿನಲ್ಲಿ ಲಂಗರಿನ ಸಣ್ಣ ಗುರುತೊಂದು ಕಾಣಿಸಿತು. "ಇದು ಪುಟಕ್ಕೆ ಕಟ್ಟಿರೋದು. ಪುಟದ ತಲೆಯಿಂದ ಇಷ್ಟು ಇಂಚು ಕೆಳಗೆ ಅಂತ ನಿಂತಿರುತ್ತೆ. ಬರಹ ಮಾತ್ರ ಮೇಲೆ ಏನಾದ್ರೂ ಸೇರಿದ್ರೆ ಕೆಳಗೆ ಹರಿಯುತ್ತೆ."

"ಅಂದ್ರೆ ಹೆಸರು ಹರಿಯುತ್ತೆ, ಗಿಡ ನಿಂತಲ್ಲೇ ನಿಲ್ಲುತ್ತೆ."

"ಹೂಂ."

"ಹಾಗಾದ್ರೆ ನೀವು ಎಷ್ಟು ಎಳೆದ್ರೂ ನಾಳೆ ಮೇಡಂ ಇನ್ನೊಂದು ತಂಬುಳಿ ಬರೆದ್ರೆ ಮತ್ತೆ ಇದೇ."

ಹಾಲಮ್ಮ ಚೀಲದಿಂದ ಗಣಿಕೆಯ ಕಟ್ಟು ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. ಅದನ್ನು ಮೇಜಿನ ಆ ಕಡೆಗೆ ಸರಿಸಿದಳು, ಈ ಕಡೆಗೆ ಸರಿಸಿದಳು.

"ಈ ಕಡ್ಡೀಲಿ ಕಾಯಿ ಇದೆ ನೋಡಿ. ಇದು ಗಣಿಕೆ ಅನ್ನೋದಕ್ಕೆ ಅದೇ ಸಾಕ್ಷಿ. ಕಟ್ಟನ್ನ ಎಲ್ಲಿಗೆ ತಗೊಂಡು ಹೋದ್ರೂ ಕಡ್ಡಿ ಜೊತೇಲೇ ಬರುತ್ತೆ, ಯಾಕಂದ್ರೆ ಎರಡಕ್ಕೂ ಒಂದೇ ನಾರು. ನಿಮ್ಮ ಯಂತ್ರದಲ್ಲಿ ನಾರು ಇಲ್ವಾ?"

"ಇದೆ," ಎಂದ ಅವನು ಸ್ವಲ್ಪ ತಡೆದು. "ಇನ್ ಲೈನ್ ಅಂತ ಇದೆ. ಹಾಗೆ ಮಾಡಿದ್ರೆ ಚಿತ್ರ ಒಂದು ದೊಡ್ಡ ಅಕ್ಷರದ ಹಾಗೆ ಸಾಲಿನಲ್ಲೇ ಕೂತ್ಕೊಳ್ಳುತ್ತೆ. ಬರಹದ ಜೊತೇಲೇ ನಡೆಯುತ್ತೆ. ಆದ್ರೆ ಅದು ನನ್ನ ಕೈಗೆ ಹತ್ತಲ್ಲ ಅಮ್ಮ. ಹಿಂದೆ ಮಾಡಿ ನೋಡಿದೀನಿ. ಚಿತ್ರವನ್ನೇ ನುಂಗಿಬಿಡುತ್ತೆ."

"ಮಾಡಿ, ನೋಡೋಣ."

ಮಾಡಿದ. ಅವನು ಹೇಳಿದಂತೆಯೇ ಆಯಿತು. ಅಂಗೈ ಅಗಲದ ಚಿತ್ರ ಹೋಗಿ ಒಂದು ಬೆರಳಿನಷ್ಟು ಪಟ್ಟಿ ಉಳಿಯಿತು.

"ನೋಡಿದ್ರಾ? ಇದಕ್ಕೇ ನಾನು ಎಳೆಯೋದು."

ಹಾಲಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಪರದೆಗೆ ಮುಖ ಹತ್ತಿರ ಮಾಡಿದಳು. ಹಳದಿ ಮಾಸಿದ ಒಂದು ಗೆರೆ, ಅದರ ಮೇಲೆ ಬೆತ್ತದ ಹೆಣಿಗೆ. ಅದನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು.

"ಇದು ನನ್ನ ಮೊರದ ಅಂಚು. ಫೋಟೋದ ಕೆಳತುದಿ. ಚಿತ್ರ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಎದ್ದು ನಿಲ್ಲಕ್ಕೆ ಜಾಗ ಇಲ್ಲ ಅದಕ್ಕೆ. ಈ ಸಾಲಿಗೆ ಎತ್ತರ ಇಷ್ಟೇ ಅಂತ ಯಾರು ಗೊತ್ತು ಮಾಡಿದ್ದು?"

ಲಕ್ಷ್ಮೀಕಾಂತ ಅವಳ ಕಡೆ ನೋಡಿದ. ಆಮೇಲೆ ಸಾಲುಗಳ ಅಂತರ ಹೇಳುವ ಪೆಟ್ಟಿಗೆ ತೆರೆದ. ಅಲ್ಲಿ 'ಎಕ್ಸಾಕ್ಟ್ಲಿ, ಹದಿನೆಂಟು' ಎಂದು ಬರೆದಿತ್ತು. ಅವನು ಕುರ್ಚಿಗೆ ಒರಗಿಕೊಂಡ.

"ನಾನೇ ಗೊತ್ತು ಮಾಡಿದ್ದು. ಥೀಸಿಸ್‌ಗೆ ಅಂತ. ಪುಟಕ್ಕೆ ಇಷ್ಟೇ ಸಾಲು ಬರ್ಬೇಕು ಅಂತ ಒಬ್ಬರು ಕೇಳಿದ್ರು, ಒಂದು ಅಚ್ಚು ಮಾಡಿಟ್ಟುಕೊಂಡೆ. ಹನ್ನೆರಡು ವರ್ಷದಿಂದ ಮದುವೆ ಕಾಗದ, ಸ್ಮರಣ ಸಂಚಿಕೆ, ಎಲ್ಲ ಅದೇ ಅಚ್ಚಿನಲ್ಲಿ ಮಾಡ್ತಿದೀನಿ."

"ಈ ಚಿತ್ರದ ಸಾಲಿಗೆ ಮಾತ್ರ ಸಡಿಲ ಮಾಡಿ."

'ಸಿಂಗಲ್' ಎಂದು ಬದಲಿಸಿದ. ಚಿತ್ರ ಎದ್ದು ನಿಂತಿತು. ಮೊರ, ಮೊರದ ಮೇಲೆ ಗಣಿಕೆ, ಅದರ ಬಿಳಿಯ ಸಣ್ಣ ಹೂವು, ಕಾಯಿಗೊಂಚಲು. ಅದರ ಕೆಳಗೆ ಅದರ ಹೆಸರು. ಹನ್ನೆರಡು ವರ್ಷ ಎಳೆದ ಚಿತ್ರಗಳು ಎಷ್ಟೋ, ಲಕ್ಷ್ಮೀಕಾಂತ ಲೆಕ್ಕ ಹಾಕಲು ಹೋಗಲಿಲ್ಲ.

"ಈಗ ಮೇಲೆ ಹತ್ತು ಸಾಲು ಖಾಲಿ ಸೇರಿಸಿ," ಎಂದಳು ಹಾಲಮ್ಮ.

"ಯಾಕೆ, ಈಗ ಸರಿಯಾಯ್ತಲ್ಲ?"

"ನಿಂತಿದ್ದಾಗ ಎಲ್ಲ ಸರಿಯಾಗೇ ಇರುತ್ತೆ. ನಡೆಸಿ ನೋಡೋಣ."

ಅವನು ಒಂದೊಂದೇ ಎಂಟರ್ ಒತ್ತಿದ. ಚಿತ್ರವೂ ಹೆಸರೂ ಒಂದರ ಹಿಂದೆ ಒಂದು ಇಳಿದವು. ಆರು, ಏಳು. ಗಣಿಕೆಯ ಚಿತ್ರ ಪುಟದ ಬುಡಕ್ಕೆ ಬಂತು. ಎಂಟನೆಯದನ್ನು ಒತ್ತಿದಾಗ ಹೆಸರು ಮಾತ್ರ ಹಾರಿ ಮುಂದಿನ ಪುಟದ ತಲೆಗೆ ಹೋಗಿ, ಉಮ್ಮತ್ತಿಯ ನೆತ್ತಿಯ ಮೇಲೆ ಕೂತಿತು.

"ಅರ್ಧ ಕಟ್ಟಿದೀರ," ಎಂದಳು ಅವಳು, ಬೇಸರವಿಲ್ಲದೆ.

ಇದಕ್ಕೆ ಏನು ಮಾಡಬೇಕೆಂದು ಈ ಸಲ ಅವನಿಗೇ ಹೊಳೆಯಿತು. ಪ್ರಬಂಧಗಳಲ್ಲಿ ತಲೆಬರಹ ಪುಟದ ಬುಡದಲ್ಲಿ ಒಂಟಿಯಾಗಿ ಉಳಿಯದಿರಲೆಂದು ಅವನು 'ಕೀಪ್ ವಿತ್ ನೆಕ್ಸ್ಟ್' ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದ. ತಲೆಬರಹಕ್ಕೆ ಆಗುವುದಾದರೆ ಚಿತ್ರಕ್ಕೂ ಆಗಬೇಕಲ್ಲ. ಗುರುತು ಹಾಕಿದ. ಚಿತ್ರ ಪುಟದ ಬುಡದಿಂದ ಎದ್ದು ಮುಂದಿನ ಪುಟಕ್ಕೆ, ತನ್ನ ಹೆಸರಿನ ಮೇಲಕ್ಕೆ ಹೋಗಿ ಸೇರಿಕೊಂಡಿತು. ಅದು ಬಿಟ್ಟುಹೋದ ಕಡೆ ಕಾಲು ಪುಟ ಬೆಳ್ಳಗೆ ಉಳಿಯಿತು.

"ಇದು ಚೆನ್ನಾಗಿ ಕಾಣಲ್ಲ ಅಮ್ಮ. ಇಷ್ಟು ಜಾಗ ಖಾಲಿ ಬಿಟ್ರೆ ನನ್ನ ಕೆಲಸಕ್ಕೇ ಹೆಸರು ಕೆಡುತ್ತೆ."

"ಖಾಲಿ ಜಾಗ ತಿಂದು ಯಾರಿಗೂ ವಾಂತಿ ಆಗಲ್ಲ. ಬಿಡಿ ಹಾಗೇ."

ಆಮೇಲೆ ಅವನು ಚಿತ್ರದ ಸಾಲಿಗೆಂದೇ ಒಂದು ಹೊಸ ಅಚ್ಚು ಮಾಡಿದ. ಎತ್ತರ ಸಡಿಲ, ಮುಂದಿನದರ ಜೊತೆ ಗಂಟು. ನಡುವೆ ತುರುಕಿದ್ದ ಖಾಲಿ ಸಾಲುಗಳನ್ನೆಲ್ಲ ಹುಡುಕಿ ಅಳಿಸಿದ. ನಲವತ್ತೆರಡು ಚಿತ್ರಗಳನ್ನೂ ಲಂಗರಿನಿಂದ ಬಿಡಿಸಿ ಒಂದೊಂದಾಗಿ ಸಾಲಿಗೆ ತಂದ. ಒಂದು ಚಿತ್ರ ಮುಗಿದ ಕೂಡಲೇ ಹಾಲಮ್ಮ ಗಿಡ ನೋಡಿ ಹೆಸರು ಹೇಳಬೇಕು. ಆಮೇಲೆ ಅವನು ಕೆಳಗಿನ ಬರಹ ಓದಬೇಕು. ಅವಳು ಹೇಳುವ ಮೊದಲು ಓದಿದರೆ ಅವಳು ಒಪ್ಪುತ್ತಿರಲಿಲ್ಲ.

"ಕೇಳಿಬಿಟ್ಟ ಮೇಲೆ ನನ್ನ ಕಣ್ಣೂ ನಿಮ್ಮ ಮಾತನ್ನೇ ಹೇಳುತ್ತೆ. ಮೊದಲು ನಾನು."

ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಇಪ್ಪತ್ತೊಂಬತ್ತು ಆಗಿತ್ತು. ಸಂಜೆಯ ಬಸ್ಸಿಗೆ ಹೋಗಿ, ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಲಕ್ಷ್ಮೀಕಾಂತ ಬೀಗ ತೆಗೆಯುತ್ತ, "ನಿದ್ದೆ ಮಾಡಿದ್ರಾ, ಇಲ್ಲ ಇಲ್ಲೇ ಇದ್ರಾ?" ಎಂದ.

"ಮೂವತ್ತನೇದು ತೆಗೀರಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಶಾಮಲಾ ಮೇಡಂ ಬಂದರು. ಪ್ರೆಸ್ಸಿನಿಂದ ಅವರಿಗೆ ಎರಡು ಸಲ ಫೋನ್ ಬಂದಿತ್ತು. ನಲವತ್ತೆರಡೂ ಮುಗಿದು, ಮೊದಲಿನಿಂದ ಇನ್ನೊಂದು ಸುತ್ತು ಮುಗಿದು, ಹಾಲಮ್ಮ ನೀರು ಕುಡಿಯುತ್ತಿದ್ದಳು.

"ಆಯ್ತಾ ಹಾಲಮ್ಮ?"

"ಆಯ್ತು ಅಂತ ಕಾಣುತ್ತೆ."

"ಹಾಗಾದ್ರೆ ನಿನ್ನ ಹೆಸರು?"

ಲಕ್ಷ್ಮೀಕಾಂತ ಇಬ್ಬರನ್ನೂ ನೋಡಿದ. "ಮೇಡಂ, ಈಗ ಮೊದಲ್ನೇ ಪುಟದಲ್ಲಿ ಆ ಸಾಲು ಸೇರಿಸಿದ್ರೆ ಪುಸ್ತಕ ಪೂರ್ತಿ ಕೆಳಗೆ ಸರಿಯುತ್ತೆ. ಮೇಲೊಂದು ಕೆಳಗೊಂದು ಜಾಗ ಬಿಡೋದು ಸೇರಿ ಮೂರು ಸಾಲು."

"ಸರಿಯಲಿ," ಎಂದಳು ಹಾಲಮ್ಮ ಲೋಟ ಕೆಳಗಿಟ್ಟು. "ಹಾಕಿ. ಹಾಕಿ ಹದಿನೇಳು ತೋರ್ಸಿ."

ಅವನು ಟೈಪು ಮಾಡಿದ. ಸೊಪ್ಪುಗಳ ವಿವರ ಹೇಳಿದವರು: ಹಾಲಮ್ಮ, ಹೊಸಮನೆ, ಭದ್ರಾವತಿ. ಪರದೆಯ ಮೇಲೆ ಪುಟಗಳು ಒಂದು ಸಲ ಅಲುಗಿದವು. ಅವನು ಮೌಸಿನ ಗಾಲಿ ತಿರುಗಿಸುತ್ತ ಹೋದ. ಹತ್ತು, ಹನ್ನೆರಡು, ಹದಿನೈದು. ಹದಿನೇಳಕ್ಕೆ ಬಂದು ಕೈ ತೆಗೆದ.

ಗಣಿಕೆ ಮೂರು ಸಾಲು ಕೆಳಗಿಳಿದಿತ್ತು. ಉಮ್ಮತ್ತಿ ಆ ಪುಟದಲ್ಲಿ ಇರಲಿಲ್ಲ. ಜಾಗ ಸಾಲದೆ ಅದು ಎದ್ದು ಹದಿನೆಂಟರ ತಲೆಗೆ ಹೋಗಿತ್ತು, ಹೋಗುವಾಗ ತನ್ನ ಹೆಸರನ್ನೂ 'ತಿನ್ನಬಾರದು' ಎಂಬ ಮಾತನ್ನೂ ತಪ್ಪದೆ ಕರೆದುಕೊಂಡು ಹೋಗಿತ್ತು. ಹದಿನೇಳರ ಬುಡ ಬೆಳ್ಳಗಿತ್ತು.

ಮೇಡಂ ಓದಿ ಹೇಳಲು ಬಾಯಿ ತೆರೆದರು. ಹಾಲಮ್ಮ ಕೈ ಎತ್ತಿ ತಡೆದಳು. ಮೊದಲು ಚಿತ್ರ ನೋಡಿದಳು. ಹೂವು, ಕಾಯಿ, ಎಲೆಯ ಅಂಚು. ಆಮೇಲೆ ಹೆಬ್ಬೆರಳಿನ ಉಗುರನ್ನು ಪರದೆಗೆ ತಾಗಿಸಿ ಅಕ್ಷರಗಳ ಕೆಳಗೆ ಒಂದೊಂದಾಗಿ ಸರಿಸಿದಳು. ಗ. ಣಿ. ಕೆ. ಸೊಪ್ಪಿನ ಒತ್ತಿನ ಹತ್ತಿರ ಸ್ವಲ್ಪ ನಿಂತು ಮುಂದೆ ಹೋದಳು. ಮುಂದಿನ ಪುಟಕ್ಕೆ ತಿರುಗಿಸಿ ಎಂದು ಹೇಳಿ ಉಮ್ಮತ್ತಿಗೂ ಅಷ್ಟೇ ಹೊತ್ತು ಕೊಟ್ಟಳು. ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಮೇಡಂ ಕಾದರು, ಲಕ್ಷ್ಮೀಕಾಂತ ಕಾದ.

"ಕೊಡಿ ಪ್ರೆಸ್ಸಿಗೆ," ಎಂದಳು.

ಎದ್ದು ಸೆರಗು ಕೊಡವಿಕೊಂಡು ಚೀಲ ತೆಗೆದುಕೊಂಡಳು. ಕೀಬೋರ್ಡಿನ ಪಕ್ಕ ನಿನ್ನೆಯ ಕಟ್ಟು ಸೊರಗಿ ಬಿದ್ದಿತ್ತು. ಅದನ್ನು ಎತ್ತಿ ಚೀಲಕ್ಕೆ ಹಾಕಿ, ಬೆಳಿಗ್ಗೆ ಕೊಯ್ದು ತಂದಿದ್ದ ಹೊಸದೊಂದನ್ನು ಅಲ್ಲಿಟ್ಟಳು.

"ಇದ್ಯಾಕಮ್ಮ?" ಎಂದ ಲಕ್ಷ್ಮೀಕಾಂತ.

"ಮನೇಲಿ ಸಾರು ಮಾಡ್ಸಿ. ಮಾಡೋ ಮುಂಚೆ ಕಾಯಿ ನೋಡ್ಕೊಳ್ಳಿ. ನಾನು ಕೊಟ್ಟೆ ಅಂತ ನಂಬಿಬಿಡ್ಬೇಡಿ."